ರಣಧೀರ ಕಂಠೀರವ: ಕತ್ತಿಯನ್ನೇ ನಂಬಿದ ಒಡೆಯರ ಕಥೆ

ತಿರುಚಿರಾಪಳ್ಳಿ ಕೋಟೆಯ ಹೆಬ್ಬಾಗಿಲಿಗೆ ಒಂದು ಚಲ್ಲಣವನ್ನು ತೂಗುಹಾಕಲಾಗಿತ್ತು. ಗರಡಿಯಾಳುಗಳು ತೊಡುವ ತುಂಡು ಚಡ್ಡಿ ಅದು. ಅದರ ಒಡೆಯ ಆ ಸಂಸ್ಥಾನದ ಆಶ್ರಯದಲ್ಲಿದ್ದ ಒಬ್ಬ ಪ್ರಚಂಡ ಜಟ್ಟಿ. ಮಲ್ಲಯುದ್ಧದಲ್ಲಾಗಲಿ ಕತ್ತಿವರಸೆಯಲ್ಲಾಗಲಿ ತನಗೆ ಸಮನಾದವರು ದಕ್ಷಿಣ ದೇಶದಲ್ಲೇ ಇಲ್ಲವೆಂಬುದು ಅವನ ಬಿರುದು. ಊರೊಳಗೆ ಹೋಗುವವರೆಲ್ಲ ಆ ಚಲ್ಲಣದ ಕೆಳಗೇ ಹಾದುಹೋಗಬೇಕು. ಹಾಗೆ ಹಾದುಹೋದವರು ಅವನ ಹಿರಿಮೆಯನ್ನು ಒಪ್ಪಿಕೊಂಡಂತೆ. ಒಪ್ಪದವರು ಅವನೊಡನೆ ಕಾದಬೇಕು. ಬಹುಕಾಲ ಯಾರೂ ಕಾದಲು ಮುಂದಾಗಲಿಲ್ಲ.

ಈ ಸುದ್ದಿ ಕನ್ನಡ ಸೀಮೆಯ ತೆರಕಣಾಂಬಿಯಲ್ಲಿದ್ದ ಒಬ್ಬ ತರುಣನ ಕಿವಿಗೂ ಬಿತ್ತು. ಆತ ಮೈಸೂರು ಒಡೆಯರ ಮನೆತನದವನು. ಆದರೆ ಸಿಂಹಾಸನಕ್ಕೂ ಆತನಿಗೂ ಬಹಳ ದೂರ. ಯಾರಿಗೂ ಹೇಳದೆ, ಗುರುತು ಮರೆಸಿಕೊಂಡು ಆತ ತಿರುಚಿರಾಪಳ್ಳಿಗೆ ಹೋದ. ಚಲ್ಲಣದ ಕೆಳಗೆ ಹಾಯಲು ಒಪ್ಪದೆ ಪಂಥ ಕಟ್ಟಿದ. ದೊರೆಯ ಸಮ್ಮುಖದಲ್ಲಿ, ನೆರೆದ ಜನರ ಮುಂದೆ ಇಬ್ಬರೂ ಕತ್ತಿ ಹಿಡಿದು ನಿಂತರು. ಕಾಳಗ ಮುಗಿದಾಗ ಜಟ್ಟಿಯ ಹೆಣ ಅಂಕಣದಲ್ಲಿ ಬಿದ್ದಿತ್ತು. ಗೆದ್ದವನನ್ನು ಸನ್ಮಾನಿಸಲು ಅರಮನೆಯವರು ಹುಡುಕುವಷ್ಟರಲ್ಲಿ ಆತ ಊರು ಬಿಟ್ಟಾಗಿತ್ತು.

ಆ ತರುಣನೇ ಮುಂದೆ ರಣಧೀರ ಕಂಠೀರವರೆಂದು ಹೆಸರಾದ ಮೈಸೂರಿನ ಒಂದನೆಯ ಕಂಠೀರವ ನರಸರಾಜ ಒಡೆಯರು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು. ತಿರುಚಿರಾಪಳ್ಳಿಯ ಪ್ರಸಂಗ ಐತಿಹ್ಯವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟರು. ಆ ಬಳಿಕ ಅದು ಹಲವು ರೂಪಗಳಲ್ಲಿ ಬೆಳೆಯಿತು. 1960ರಲ್ಲಿ ಜಿ. ವಿ. ಅಯ್ಯರ್ ಚಿತ್ರಕಥೆ ಬರೆದು, ರಾಜಕುಮಾರ್ ಮುಖ್ಯ ಪಾತ್ರ ವಹಿಸಿದ ಚಲನಚಿತ್ರವು ಕಂಠೀರವರ ಹೆಸರನ್ನು ಹಳ್ಳಿಯ ಟೆಂಟುಗಳವರೆಗೂ ಮುಟ್ಟಿಸಿತು. ಇಂದು ಕನ್ನಡಿಗರ ಕಣ್ಣ ಮುಂದೆ ಬರುವ ರಣಧೀರ ಬಹುಮಟ್ಟಿಗೆ ಆ ಬೆಳ್ಳಿತೆರೆಯ ರಣಧೀರನೇ. ಆದರೆ ಸಿನಿಮಾ ಮತ್ತು ಐತಿಹ್ಯಗಳನ್ನು ಬದಿಗಿಟ್ಟರೂ ಉಳಿಯುವ ಬದುಕು ಕಡಿಮೆ ರೋಚಕವಾದುದೇನಲ್ಲ.

ನರಸರಾಜರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು. ಬೆಟ್ಟದ ಚಾಮರಾಜರ ಅಣ್ಣನೇ ಪ್ರಸಿದ್ಧ ರಾಜ ಒಡೆಯರು. 1610ರಲ್ಲಿ ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಮೈಸೂರು ಸಂಸ್ಥಾನಕ್ಕೆ ನಿಜವಾದ ಅಡಿಪಾಯ ಹಾಕಿದವರು. 1617ರಲ್ಲಿ ರಾಜ ಒಡೆಯರು ತೀರಿಕೊಂಡಾಗ ಅವರ ಗಂಡುಮಕ್ಕಳು ಅದಾಗಲೇ ಗತಿಸಿದ್ದರಿಂದ ಪಟ್ಟವು ಮೊಮ್ಮಗ ಚಾಮರಾಜ ಒಡೆಯರಿಗೆ ಹೋಯಿತು. ತಮ್ಮನ ಮಗನಾದ ನರಸರಾಜರಿಗೆ ಅದರಲ್ಲಿ ಯಾವ ಪಾಲೂ ಇರಲಿಲ್ಲ. ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ, ರಾಜಧಾನಿಯ ಗದ್ದಲದಿಂದ ದೂರದಲ್ಲಿ ಅವರ ದಿನಗಳು ಕಳೆದವು. ಪಟ್ಟದ ಆಸೆ ಇಲ್ಲದ ರಾಜಮನೆತನದ ಯುವಕನಿಗೆ ಅಂದಿನ ಕಾಲದಲ್ಲಿ ಉಳಿದಿದ್ದ ಗೌರವದ ದಾರಿ ಒಂದೇ: ಗರಡಿ.

ಮೈಸೂರು ಸೀಮೆಯ ಹಳೆಯ ಗರಡಿ ಮನೆಗಳನ್ನು ಕಂಡವರಿಗೆ ಅದರ ಕ್ರಮ ಗೊತ್ತು. ಬಾಗಿಲು ತೀರ ಕಿರಿದು, ಎಂಥವನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಲೋಡು, ಕರೇಲ. ದಂಡ ಬಸ್ಕಿಗಳಿಂದ ಮೈ ಪಳಗಿದ ಮೇಲೆ ಕುಸ್ತಿ. ಆ ಬಳಿಕ ದೊಣ್ಣೆವರಸೆ. ಕೋಲಿನಲ್ಲಿ ಕೈ ಕುದುರಿದವನಿಗೆ ಮಾತ್ರ ಕತ್ತಿ, ಕಠಾರಿ. ಉಸ್ತಾದನಿಲ್ಲದೆ ಅಲಗು ಮುಟ್ಟುವಂತಿಲ್ಲ.

ಕಠಾರಿಯ ಕಲಿಕೆಯಲ್ಲಿ ಒಂದು ವಿಶೇಷವಿದೆ. ಅದನ್ನು ಒಬ್ಬನೇ ಕಲಿಯಲಾಗದು. ಗಾಳಿಯಲ್ಲಿ ಎಷ್ಟು ಬೀಸಿದರೂ ಎದುರಾಳಿಯ ಮಣಿಕಟ್ಟು ಎಲ್ಲಿ ತಿರುಗುತ್ತದೆ, ಅವನ ಹೆಜ್ಜೆ ಯಾವಾಗ ಹಗುರಾಗುತ್ತದೆ ಎಂಬುದು ತಿಳಿಯದು. ಅದಕ್ಕಾಗಿ ಇಬ್ಬರು ಎದುರುಬದುರಾಗಿ ನಿಂತು, ಮೊದಲೇ ಗೊತ್ತುಪಡಿಸಿದ ಕ್ರಮದಲ್ಲಿ ಏಟು ಮತ್ತು ತಡೆಗಳನ್ನು ಮತ್ತೆ ಮತ್ತೆ ಮಾಡಬೇಕು. ಮೊದಲು ನಿಧಾನವಾಗಿ, ಆಮೇಲೆ ಚುರುಕಾಗಿ, ಕೊನೆಗೆ ನೋಡುವವರಿಗೆ ನಿಜವಾದ ಜಗಳವೋ ಆಟವೋ ತಿಳಿಯದಷ್ಟು ವೇಗವಾಗಿ. ದಕ್ಷಿಣ ಚೀನಾದ ಕುಂಗ್‌ಫು ಪಂಥಗಳಲ್ಲಿಯೂ ಗಿಡ್ಡ ಕತ್ತಿಗಳ ಜೋಡಿ ಅಭ್ಯಾಸಕ್ಕೆ ಇದೇ ಕ್ರಮ. ಬ್ರೂಸ್ ಲೀ ಕಲಿತ ವಿಂಗ್ ಚುನ್ ಪಂಥದಲ್ಲಿ ಎರಡೂ ಕೈಗಳಲ್ಲಿ ಒಂದೊಂದು ಕತ್ತಿ ಹಿಡಿದು ಮಾಡುವ ವರಸೆಯನ್ನು ಎಲ್ಲಕ್ಕಿಂತ ಕೊನೆಗೆ, ಆಯ್ದ ಶಿಷ್ಯರಿಗಷ್ಟೇ ಹೇಳಿಕೊಡುವ ವಾಡಿಕೆಯಿದೆ. ಸಾವಿರಾರು ಮೈಲಿ ಅಂತರದ ಎರಡು ನಾಡುಗಳು ಒಂದೇ ತೀರ್ಮಾನಕ್ಕೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಗಿಡ್ಡ ಅಲಗಿನ ಕಾಳಗದಲ್ಲಿ ತಪ್ಪಿಗೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ತಪ್ಪುಗಳನ್ನೆಲ್ಲ ಗೆಳೆಯನ ಮುಂದೆಯೇ ಮಾಡಿ ಮುಗಿಸಬೇಕು.

ಇಂಥ ಅಭ್ಯಾಸವು ಕನ್ನಡ ನಾಡಿನಲ್ಲಿ ಒಡೆಯರ ಕಾಲಕ್ಕೆ ಹೊಸದೇನೂ ಆಗಿರಲಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಕಲ್ಲೇಶ್ವರ ದೇವಾಲಯವಿದೆ. ಅದರ ಮೂಲ ಗುಡಿಯನ್ನು 1057ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಪ್ರಧಾನಿ ದೇಮರಸ. ಕೆತ್ತನೆ ನೋಡಲು ಹೋಗುವವರು ಆ ದೊರೆಯ ಬಿರುದುಗಳತ್ತ ಅಷ್ಟಾಗಿ ಗಮನ ಕೊಡುವುದಿಲ್ಲ. ಆಹವಮಲ್ಲ, ತ್ರೈಲೋಕ್ಯಮಲ್ಲ. ಅವನ ಮಗ ವಿಕ್ರಮಾದಿತ್ಯ ತ್ರಿಭುವನಮಲ್ಲ, ಮೊಮ್ಮಗ ಮೂರನೆಯ ಸೋಮೇಶ್ವರ ಭೂಲೋಕಮಲ್ಲ. ಮೂರು ತಲೆಮಾರಿನ ಚಕ್ರವರ್ತಿಗಳು ತಮ್ಮನ್ನು ಮಲ್ಲರೆಂದೇ ಕರೆದುಕೊಂಡರು. ಆ ಮೊಮ್ಮಗನೇ ಬರೆದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗ, ಆಯುಧ ಹಿಡಿದು ಇಬ್ಬರು ಕಾದುವ ಅಂಕವಿನೋದಕ್ಕೆ ಇನ್ನೊಂದು ಭಾಗ ಮೀಸಲಾಗಿವೆ. ಮಲ್ಲರು ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು, ಅವರಿಗೆ ಕೊಡಬೇಕಾದ ಆಹಾರ ಎಲ್ಲವೂ ಅಲ್ಲಿ ಕ್ರಮವಾಗಿ ಬಂದಿವೆ.

ಅದೇ ಸೀಮೆಯಲ್ಲಿ, ಹಿರೇಹಡಗಲಿಯಿಂದ ಪೂರ್ವಕ್ಕೆ ಹಂಪಿಯಲ್ಲಿ, ನಾಲ್ಕೂವರೆ ಶತಮಾನಗಳ ಬಳಿಕ ಈ ಪರಂಪರೆ ಮತ್ತೊಂದು ಎತ್ತರ ಮುಟ್ಟಿತು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ದಾಖಲಿಸಿದ್ದಾನೆ. ರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ದೊಡ್ಡ ತೂಕಗಳನ್ನು ಎತ್ತುತ್ತಿದ್ದ. ಬಳಿಕ ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಸಾಮು. ಅನಂತರ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಆಮೇಲೆ ಕುದುರೆ ಸವಾರಿ. ಮುಂದೆ ಬಂದ ಇನ್ನೊಬ್ಬ ಪೋರ್ಚುಗೀಸನಾದ ನ್ಯೂನಿಜ್, ಆ ರಾಜ್ಯದಲ್ಲಿ ದ್ವಂದ್ವಯುದ್ಧಕ್ಕೆ ಮಂತ್ರಿಯ ಅನುಮತಿ ಪಡೆಯುವ ಪದ್ಧತಿಯಿತ್ತೆಂದೂ ಸತ್ತವನ ಆಸ್ತಿ ಗೆದ್ದವನಿಗೆ ಸೇರುತ್ತಿತ್ತೆಂದೂ ಬರೆದಿದ್ದಾನೆ. 1565ರ ಯುದ್ಧದ ನಂತರ ಹಂಪಿ ಹಾಳಾಯಿತು. ಆದರೆ ಅಲ್ಲಿನ ಮಹಾನವಮಿಯ ಸಂಪ್ರದಾಯ ಹಾಳಾಗಲಿಲ್ಲ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ವರ್ಷವೇ ಅದನ್ನು ಅಲ್ಲಿ ಆರಂಭಿಸಿದರು. ನರಸರಾಜರು ಹುಟ್ಟಿದ್ದು ಆ ಹೊಸ ವೈಭವ ಬೇರುಬಿಡುತ್ತಿದ್ದ ದಿನಗಳಲ್ಲಿ.

ಆದರೆ ಶ್ರೀರಂಗಪಟ್ಟಣದ ಅರಮನೆಯೊಳಗೆ ನಡೆಯುತ್ತಿದ್ದುದೇ ಬೇರೆ. 1637ರಲ್ಲಿ ಚಾಮರಾಜ ಒಡೆಯರು ತೀರಿಕೊಂಡರು. ರಾಜ ಒಡೆಯರು ಗತಿಸಿದ ಮೇಲೆ ಹುಟ್ಟಿದ್ದ ಅವರ ಮಗ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದರು. ಅಧಿಕಾರದ ಲಗಾಮು ಮಾತ್ರ ದಳವಾಯಿ ವಿಕ್ರಮರಾಯನ ಕೈಯಲ್ಲಿತ್ತು. ಸೇನೆ, ಬೊಕ್ಕಸ, ಅರಮನೆಯ ಕಾವಲು ಎಲ್ಲಕ್ಕೂ ಅವನದೇ ಅಪ್ಪಣೆ. ತರುಣ ದೊರೆ ತಾನೇ ಆಳಲು ಮನಸ್ಸು ಮಾಡಿದಾಗ ವಿಕ್ರಮರಾಯ ಸಹಿಸಲಿಲ್ಲ. ಪಟ್ಟಾಭಿಷೇಕವಾಗಿ ಒಂದೂವರೆ ವರ್ಷ ತುಂಬುವ ಮೊದಲೇ, 1638ರ ಅಕ್ಟೋಬರಿನಲ್ಲಿ, ಇಮ್ಮಡಿ ರಾಜ ಒಡೆಯರು ವಿಷಪ್ರಯೋಗಕ್ಕೆ ಬಲಿಯಾದರು.

ರಾಜ ಒಡೆಯರ ನೇರ ಸಂತತಿ ಅಲ್ಲಿಗೆ ಮುಗಿಯಿತು. ಪಟ್ಟವು ತಮ್ಮನ ಶಾಖೆಗೆ ಹೊರಳಿ, ತೆರಕಣಾಂಬಿಯಲ್ಲಿದ್ದ ಇಪ್ಪತ್ತಮೂರರ ನರಸರಾಜರಿಗೆ ಕರೆ ಬಂದಿತು. ಅದೆಂಥ ಕರೆ ಎಂಬುದನ್ನು ಊಹಿಸಬಹುದು. ಹಿಂದಿನ ದೊರೆಯನ್ನು ಕೊಂದವನೇ ಹೊಸ ದೊರೆಯನ್ನು ಸ್ವಾಗತಿಸಲು ಕಾದಿದ್ದ. ಊಟದ ತಟ್ಟೆಯಿಂದ ಹಿಡಿದು ಮಲಗುವ ಮನೆಯ ಬಾಗಿಲವರೆಗೆ ಅವನ ಜನರೇ. ತಿರುಚಿರಾಪಳ್ಳಿಯ ಅಂಕಣದಲ್ಲಿ ಎದುರಾಳಿಯ ಕೈಯಲ್ಲಿದ್ದ ಕತ್ತಿಯಾದರೂ ಕಣ್ಣಿಗೆ ಕಾಣುತ್ತಿತ್ತು.

1638ರ ನವೆಂಬರಿನಲ್ಲಿ ಪಟ್ಟಾಭಿಷೇಕವಾಯಿತು. ಹೊಸ ಒಡೆಯರು ತಡಮಾಡಲಿಲ್ಲ. ವಿಕ್ರಮರಾಯನ ಸಂಚು ಅವರಿಗೆ ಗೊತ್ತಾಗಿತ್ತು. ವಿಲ್ಕ್ಸ್ ಕೇಳಿ ಬರೆದ ಕಥನದಂತೆ, ಅರಮನೆಯ ನಂಬಿಕೆಯ ಸೇವಕರು ಒಂದು ರಾತ್ರಿ ಕತ್ತಲಲ್ಲಿ ದಳವಾಯಿಯನ್ನು ಮುಗಿಸಿದರು. ಕತ್ತಿವರಸೆಯಲ್ಲಿ ದಕ್ಷಿಣಕ್ಕೇ ಹೆಸರಾದ ದೊರೆ, ತನ್ನ ಪರಮ ವೈರಿಯೊಡನೆ ಅಂಕಣಕ್ಕಿಳಿಯಲಿಲ್ಲ. ವೀರಗಾಥೆಗಳು ಈ ಭಾಗವನ್ನು ಬೇಗ ದಾಟಿಹೋಗುತ್ತವೆ. ಆದರೆ ಕಂಠೀರವರ ವ್ಯಕ್ತಿತ್ವವನ್ನು ತಿಳಿಯಲು ಬೇರೆ ಪ್ರಸಂಗಗಳಿಗಿಂತ ಇದೇ ಹೆಚ್ಚು ನೆರವಾಗುತ್ತದೆ. ಎಲ್ಲಿ ಕತ್ತಿ ಹಿರಿಯಬೇಕು, ಎಲ್ಲಿ ಹಿರಿಯಬಾರದು ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಹಿರಂಗವಾಗಿ ಸೆಣಸಿದ್ದರೆ ಸೇನೆ ಯಾರ ಕಡೆ ನಿಲ್ಲುತ್ತಿತ್ತೋ ಹೇಳಲಾಗದು.

ಉಸಿರಾಡಲು ಬಿಡುವಿಲ್ಲದಂತೆ ಮುಂದಿನ ಕಂಟಕ ಬಂದಿತು. ವಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಷಹಾಜಿಯೊಡಗೂಡಿ 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಕಸಿದುಕೊಂಡಿದ್ದ. ಗೌಡರ ಮನೆತನ ಮಾಗಡಿಗೆ ಸರಿಯಿತು. ಅಲ್ಲಿಂದ ಅವನ ದಂಡು ನೇರ ಶ್ರೀರಂಗಪಟ್ಟಣಕ್ಕೆ ತಿರುಗಿತು. 1639ರ ಜನವರಿಯಲ್ಲಿ, ಕಂಠೀರವರು ಪಟ್ಟಕ್ಕೆ ಬಂದು ಎರಡು ತಿಂಗಳಾಗುವಷ್ಟರಲ್ಲಿ, ಕೋಟೆಯ ಮುತ್ತಿಗೆ ಆರಂಭವಾಯಿತು. ದಳವಾಯಿಯನ್ನು ಕಳೆದುಕೊಂಡ ಸೈನ್ಯ, ಇನ್ನೂ ಯಾರೂ ಸರಿಯಾಗಿ ಕಾಣದ ದೊರೆ, ಸುತ್ತ ಕಾವೇರಿ. ಆದರೂ ವಿಜಾಪುರದ ದಂಡು ಭಾರಿ ನಷ್ಟ ಅನುಭವಿಸಿ ಹಿಮ್ಮೆಟ್ಟಬೇಕಾಯಿತು. ಹಿಂದಿರುಗುವ ದಾರಿಯಲ್ಲಿಯೂ ಮೈಸೂರಿನವರ ದಾಳಿ ತಪ್ಪಲಿಲ್ಲ. ಕೆಂಪೇಗೌಡರ ಬೆಂಗಳೂರು ಬಿದ್ದಿತು, ಒಡೆಯರ ಪಟ್ಟಣ ನಿಂತಿತು. ಆ ಒಂದು ಚಳಿಗಾಲವು ಮುಂದಿನ ಮೂರು ಶತಮಾನಗಳ ಮೈಸೂರಿನ ಚರಿತ್ರೆಯನ್ನು ನಿರ್ಧರಿಸಿತೆಂದರೆ ಉತ್ಪ್ರೇಕ್ಷೆಯಾಗದು.

ಹೊರಗಿನ ವೈರಿ ಹೋದರೂ ಹಳೆಯ ಸೇಡು ಮುಗಿದಿರಲಿಲ್ಲ. ತಮ್ಮ ಜಟ್ಟಿಯನ್ನು ಕೊಂದ ಅಪರಿಚಿತ ಯಾರೆಂಬುದು ತಿರುಚಿರಾಪಳ್ಳಿಗೆ ತಿಳಿಯಿತಂತೆ. ಅಲ್ಲಿಂದ ಇಪ್ಪತ್ತೈದು ಮಂದಿ ಕೊಲೆಗಡುಕರು ಶ್ರೀರಂಗಪಟ್ಟಣಕ್ಕೆ ಬಂದು, ಅರಮನೆಯೊಳಗೆ ನುಸುಳಿ, ಒಡೆಯರು ಒಬ್ಬರೇ ಇದ್ದ ಸಮಯ ನೋಡಿ ಮೇಲೆ ಬಿದ್ದರೆಂಬುದು ಐತಿಹ್ಯ. ಕೈಗೆ ಸಿಕ್ಕ ಕತ್ತಿಯನ್ನು ಹಿರಿದು ಒಡೆಯರು ಎದುರಿಸಿದರು. ಕಾವಲಿನವರು ಓಡಿಬರುವಷ್ಟರಲ್ಲಿ ಹಲವರು ನೆಲಕ್ಕುರುಳಿದ್ದರು. ಚಲನಚಿತ್ರದಲ್ಲಿ ಈ ದೃಶ್ಯಕ್ಕೆ ಚಪ್ಪಾಳೆ ತಟ್ಟದ ಪ್ರೇಕ್ಷಕರು ವಿರಳ.

ಇಪ್ಪತ್ತೈದು ಎಂಬ ಸಂಖ್ಯೆ ಕಥೆ ಹೇಳುವವರ ಬಾಯಲ್ಲಿ ಹಿಗ್ಗಿರಬಹುದು. ಆದರೆ ಪ್ರಸಂಗದ ತಿರುಳು ನಂಬಲಾಗದಂಥದ್ದಲ್ಲ. ಇಕ್ಕಟ್ಟಾದ ಕೋಣೆಯಲ್ಲಿ, ಹತ್ತಿರದಿಂದ ಬರುವ ಗಿಡ್ಡ ಅಲಗುಗಳ ಎದುರು ಒಬ್ಬನೇ ನಿಂತವನಿಗೆ ಯೋಚಿಸಲು ಸಮಯವಿರುವುದಿಲ್ಲ. ಗರಡಿಯಲ್ಲಿ ಜೊತೆಗಾರನೊಡನೆ ಸಾವಿರ ಸಲ ಮಾಡಿದ ತಡೆಯನ್ನು ಕೈ ತಾನಾಗಿಯೇ ಮಾಡಬೇಕು. ಪ್ರತಿದಿನದ ಸಾಮು ಅಂಥ ಅರೆಗಳಿಗೆಗಾಗಿಯೇ. ಉಳಿದ ರಾಜರಿಗೆ ಕತ್ತಿವರಸೆ ಅಲಂಕಾರವಾಗಿದ್ದರೆ ಕಂಠೀರವರಿಗೆ ಅದು ಪ್ರಾಣ ಉಳಿಸಿಕೊಳ್ಳುವ ವಿದ್ಯೆಯಾಗಿತ್ತು.

ಅವರು ತಮ್ಮ ಕತ್ತಿಗೆ ವಿಜಯನರಸಿಂಹವೆಂದು ಹೆಸರಿಟ್ಟಿದ್ದರು. ನರಸಿಂಹ ಅವರ ಆರಾಧ್ಯ ದೈವ. ಅವರ ಹೆಸರಿನಲ್ಲಿರುವ ಕಂಠೀರವ ಎಂಬ ಮಾತಿಗೂ ಸಿಂಹವೆಂದೇ ಅರ್ಥ. ಮೈಸೂರು ಅರಮನೆಯ ಆಯುಧ ಸಂಗ್ರಹದಲ್ಲಿ, ಸೊಂಟಕ್ಕೆ ಪಟ್ಟಿಯಂತೆ ಸುತ್ತಿಕೊಳ್ಳಬಹುದಾದ ನಿಮ್ಚಾ ಎಂಬ ಕತ್ತಿಯೊಂದಿದೆ. ಅದು ರಣಧೀರ ಕಂಠೀರವರದೆಂದು ಹೇಳಿಕೊಂಡು ಬರಲಾಗಿದೆ. ಉಡುಪಿನೊಳಗೆ ಅಡಗುವ ಕತ್ತಿ ದಂಡಿನ ಮುಂದೆ ಹಿಡಿಯಲು ಬೇಕಾಗುವುದಿಲ್ಲ. ಊಟದ ಮನೆಯಲ್ಲಿ, ಮಾತುಕತೆಯ ನಡುವೆ, ಆಪ್ತರೆನಿಸಿಕೊಂಡವರ ಎದುರು ಬೇಕಾಗುತ್ತದೆ.

ವಿಕ್ರಮರಾಯನ ನೆರಳು ಕೊನೆಯವರೆಗೂ ಅವರನ್ನು ಬಿಟ್ಟಂತೆ ಕಾಣುವುದಿಲ್ಲ. ತಮ್ಮ ಆಳ್ವಿಕೆಯ ಇಪ್ಪತ್ತೊಂದು ವರ್ಷಗಳಲ್ಲಿ ಅವರು ದಳವಾಯಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಬದಲಾಯಿಸಿದರು. ಯಾವ ಸೇನಾನಿಯೂ ಬೇರೂರಲು ಬಿಡಲಿಲ್ಲ. ಇದು ಅಪನಂಬಿಕೆಯೋ ಜಾಣತನವೋ ಎಂದು ಕೇಳಿದರೆ ಎರಡೂ ಹೌದು. ಒಡೆಯರ ಮನೆತನಕ್ಕೆ ದಳವಾಯಿಗಳ ಕಾಟ ಮುಂದೆ ಹದಿನೆಂಟನೆಯ ಶತಮಾನದಲ್ಲಿ ಮರುಕಳಿಸಿದ್ದನ್ನೂ, ದೊರೆಗಳು ಹೆಸರಿಗಷ್ಟೇ ಉಳಿದದ್ದನ್ನೂ ಬಲ್ಲವರಿಗೆ ಕಂಠೀರವರ ಎಚ್ಚರದ ಬೆಲೆ ತಿಳಿಯುತ್ತದೆ.

ಹೊರಗೆ ರಾಜ್ಯ ಬೆಳೆಯಿತು. 1644ರ ಹೊತ್ತಿಗೆ ಚಂಗಾಳ್ವರ ಪಿರಿಯಾಪಟ್ಟಣ ಮೈಸೂರಿನ ವಶವಾಯಿತು. ಅದರ ಬೆನ್ನಿಗೇ ಅರಕಲಗೂಡಿನತ್ತಲೂ ಒಡೆಯರ ದಂಡು ಸಾಗಿತು. ದಕ್ಷಿಣದಲ್ಲಿ ಮಧುರೆ ನಾಯಕರ ಗಡಿಯ ಕೋಟೆಗಳು ಕೈಸೇರಿದವು. ಇದೆಲ್ಲ ಶಾಲೆಯ ಪಠ್ಯದಲ್ಲಿ ಬರುವ ಸಂಗತಿ. ಬರದಿರುವುದು ಇನ್ನೊಂದಿದೆ. ಗೌಡರೂ ರೈತರೂ ಸಿರಿವಂತರಾಗಿರುವುದೇ ಅವರ ಅವಿಧೇಯತೆಗೆ ಕಾರಣವೆಂದು ಬಗೆದು, ಒಡೆಯರು ಅವರಿಂದ ಹಣ ಸುಲಿದು ತಗ್ಗಿಸಿದರೆಂದು ಹಳೆಯ ಗೆಜೆಟಿಯರುಗಳಲ್ಲಿ ಉಲ್ಲೇಖವಿದೆ. ಕೊಲೆಗಡುಕರ ಎದುರು ಒಬ್ಬರೇ ನಿಂತ ವೀರನ ಚಿತ್ರದ ಪಕ್ಕದಲ್ಲಿ ಈ ಚಿತ್ರವನ್ನೂ ಇಡದಿದ್ದರೆ ನ್ಯಾಯವಾಗದು. ಎಲ್ಲೆಲ್ಲೂ ಅಪಾಯ ಕಂಡವರು ಉತ್ತು ಬಿತ್ತುವವನಲ್ಲಿಯೂ ಅದನ್ನೇ ಕಂಡಿರಬೇಕು.

ಹಾಗೆಂದು ಅವರು ಕಟ್ಟಿದ್ದು ಕಡಿಮೆಯಲ್ಲ. ಮೈಸೂರು ಒಡೆಯರಲ್ಲಿ ಮೊದಲ ಬಾರಿಗೆ ಟಂಕಸಾಲೆ ಸ್ಥಾಪಿಸಿದವರು ಅವರು. 1645ರಲ್ಲಿ ಆರಂಭವಾದ ಆ ಟಂಕಸಾಲೆಯಿಂದ ಹೊರಬಂದದ್ದು ಕಂಠೀರಾಯ ಹಣ. ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಚಿಕ್ಕ ಚಿನ್ನದ ನಾಣ್ಯ ಅದು. ಒಂದು ಮುಖದಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ದೊರೆಯ ಹೆಸರು. ಅಂಥ ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ. ಆ ವರಹವನ್ನು ಯಾರೂ ಕೈಯಲ್ಲಿ ಹಿಡಿದದ್ದಿಲ್ಲ, ಅದು ಕಡತದಲ್ಲಷ್ಟೇ ಇದ್ದ ಲೆಕ್ಕ. ಆದರೂ ಸಂಸ್ಥಾನದ ಆಯವ್ಯಯವನ್ನು ಹತ್ತೊಂಬತ್ತನೆಯ ಶತಮಾನದವರೆಗೂ ಕಂಠೀರಾಯ ವರಹಗಳಲ್ಲಿಯೇ ಬರೆಯಲಾಗುತ್ತಿತ್ತು. ಹೈದರ್ ಬಂದುಹೋದ, ಟಿಪ್ಪು ತನ್ನದೇ ನಾಣ್ಯ ಹೊರಡಿಸಿದ. ದಿವಾನ್ ಪೂರ್ಣಯ್ಯನವರ ಲೆಕ್ಕದ ಪುಸ್ತಕದಲ್ಲಿ ಮತ್ತೆ ಕಂಠೀರವರ ಹೆಸರೇ. ಕತ್ತಿಯಿಂದ ಗಳಿಸಿದ ಕೀರ್ತಿಗಿಂತ ಈ ಗುಲಗಂಜಿಯಷ್ಟರ ಚಿನ್ನವು ಜನರ ಕೈಯಲ್ಲಿ ಹೆಚ್ಚು ಕಾಲ ಓಡಾಡಿತು.

ಅವರ ಆಸ್ಥಾನದ ಚಿತ್ರ ನಮಗೆ ಸಿಗುವುದು ಗೋವಿಂದ ವೈದ್ಯ ಎಂಬ ಕವಿಯಿಂದ. 1648ರಲ್ಲಿ ಆತ ರಚಿಸಿದ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯದಲ್ಲಿ ರಣದುಲ್ಲಾ ಖಾನನ ಮುತ್ತಿಗೆಯ ವರ್ಣನೆಯಿದೆ, ಶ್ರೀರಂಗಪಟ್ಟಣದ ಬೀದಿಗಳ ವರ್ಣನೆಯಿದೆ, ಮಹಾನವಮಿಯ ವಿಸ್ತಾರವಾದ ವರ್ಣನೆಯಿದೆ. ಕವಿ ಆಶ್ರಯದಾತನನ್ನು ಹೊಗಳುವುದು ಸಹಜ. ಅದನ್ನು ಕಳೆದು ಓದಿದರೂ ಹಬ್ಬದ ಗದ್ದಲ ಕಿವಿಗೆ ಬೀಳುತ್ತದೆ. ಒಡ್ಡೋಲಗ, ಮಲ್ಲರ ಕಾಳಗ, ಪ್ರಾಣಿಗಳ ಕಾದಾಟ, ಬಾಣಬಿರುಸು. ಮುತ್ತಿಗೆಯ ಚಳಿಗಾಲದಲ್ಲಿ ಗೋಡೆಯ ಹಿಂದೆ ನಿಂತಿದ್ದ ಪಟ್ಟಣ, ಎಂಟೇ ವರ್ಷಗಳಲ್ಲಿ ನಾಡಿನ ಪಾಳೆಯಗಾರರನ್ನು ಹಬ್ಬಕ್ಕೆ ಕರೆಸಿಕೊಳ್ಳುವಷ್ಟು ಬೆಳೆದಿತ್ತು. ದೊರೆಯ ಮುಂದೆ ಜಟ್ಟಿಗಳು ಸೆಣಸುವಾಗ ಪಾಳೆಯಗಾರರು ಅವರನ್ನಷ್ಟೇ ಅಲ್ಲ, ಸೆಣಸಾಟವನ್ನು ಬಲ್ಲವನ ಕಣ್ಣಿನಿಂದ ನೋಡುತ್ತಿದ್ದ ದೊರೆಯನ್ನೂ ನೋಡುತ್ತಿದ್ದಿರಬೇಕು.

ಆ ಪರಂಪರೆಯ ಒಂದು ಎಳೆ ಇಂದಿಗೂ ಉಳಿದಿದೆ. ಮೈಸೂರು ಅರಮನೆಯಲ್ಲಿ ರಾಜವಂಶಸ್ಥರು ನಡೆಸುವ ಖಾಸಗಿ ದಸರೆಯ ವಿಜಯದಶಮಿಯಂದು ಸವಾರಿ ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ನಿಂಬಜಾದೇವಿಯ ಒಕ್ಕಲಾದ ಜಟ್ಟಿ ಸಮುದಾಯದವರು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನಚಾದ ವಜ್ರಮುಷ್ಟಿ ಧರಿಸಿ, ಜೋಡಿಯಾಗಿ ಕೆಮ್ಮಣ್ಣಿನ ಅಂಕಣಕ್ಕೆ ಇಳಿಯುತ್ತಾರೆ. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳಿಂದ ಜಟ್ಟಿಗಳು ಬರುತ್ತಾರೆ. ಯಾರದಾದರೂ ನೆತ್ತಿಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣವೇ ಕಾಳಗಕ್ಕೆ ತೆರೆ. ಆ ಬಳಿಕವಷ್ಟೇ ವಿಜಯಯಾತ್ರೆ. ನೋಡಲು ಬಂದವರಿಗೆ ಎಲ್ಲವೂ ಒಂದೆರಡು ನಿಮಿಷದಲ್ಲಿ ಮುಗಿದುಹೋದಂತೆ ಅನಿಸುತ್ತದೆ. ಒಬ್ಬರ ಏಟನ್ನು ಇನ್ನೊಬ್ಬರು ಬಲ್ಲ ಜೋಡಿಗಳು ಅದಕ್ಕಾಗಿ ಎಷ್ಟು ದಿನ ಬೆವರು ಸುರಿಸಿರುತ್ತಾರೆಂಬುದು ಅಂಕಣದಲ್ಲಿ ಕಾಣದು. ಕೊಲ್ಲುವ ವಿದ್ಯೆಯೊಂದು ಒಂದು ಹನಿ ರಕ್ತಕ್ಕೆ ನಿಲ್ಲುವ ಆಚರಣೆಯಾಗಿ ಪಳಗಿದೆ.

ಕಂಠೀರವ ನರಸರಾಜ ಒಡೆಯರು 1659ರ ಜುಲೈ ಕೊನೆಯಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ವಿಷ, ಮುತ್ತಿಗೆ, ಕೊಲೆಗಡುಕರ ನಡುವೆ ಬಾಳಿದ ಅವರಿಗೆ ಪಟ್ಟವೇರಲು ಮಗನಿರಲಿಲ್ಲ. ದಾಯಾದಿಯಾದ ದೊಡ್ಡ ದೇವರಾಜ ಒಡೆಯರು ಸಿಂಹಾಸನಕ್ಕೆ ಬಂದರು. ಅವರ ನಂತರ ಬಂದ ಚಿಕ್ಕದೇವರಾಜರು ಕಂಠೀರವರು ಗಟ್ಟಿ ಮಾಡಿದ ನೆಲದ ಮೇಲೆಯೇ ದೊಡ್ಡ ರಾಜ್ಯವನ್ನು ಕಟ್ಟಿದರು.

ಶ್ರೀರಂಗಪಟ್ಟಣಕ್ಕೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ರಂಗನಾಥನ ದರ್ಶನ ಮುಗಿಸಿ, ದರಿಯಾ ದೌಲತ್ ನೋಡಿ ಹಿಂದಿರುಗುತ್ತಾರೆ. ಕಂಠೀರವರು ಕಟ್ಟಿಸಿದ ನರಸಿಂಹ ದೇವಾಲಯವೂ ಅದೇ ಕೋ‌ಟೆಯೊಳಗೆ ಇದೆ. ಅಲ್ಲಿ ಜನಸಂದಣಿ ಕಡಿಮೆ. ಒಳಗೆ ಪೀಠದ ಮೇಲೆ ಸುಮಾರು ಮೂರೂವರೆ ಅಡಿ ಎತ್ತರದ ಒಂದು ಪ್ರತಿಮೆ. ಪೀಠದಲ್ಲಿ ಹೆಸರು ಕೆತ್ತಿರುವುದರಿಂದ ಯಾರದೆಂಬ ಸಂಶಯವಿಲ್ಲ. ಉದ್ದನೆಯ ನಿಲುವಂಗಿ, ಕಿವಿಯಲ್ಲಿ ಮುತ್ತಿನ ಆಭರಣ. ಎಡ ಮಗ್ಗುಲಲ್ಲಿ ಕತ್ತಿ, ಗುರಾಣಿ, ಕಠಾರಿ ಮೂರೂ ಇವೆ. ಎರಡೂ ಕೈಗಳು ಮಾತ್ರ ದೇವರ ಕಡೆಗೆ ಮುಗಿದಿವೆ.